ಕುದಿಸಿದ ಸಾರು ಕೆಡುವುದೇಕೆ?

ಭಾನುವಾರ ಮಧ್ಯಾಹ್ನ ಹಳೆ ಮೈಸೂರು ಭಾಗದ ಅನೇಕ ಮನೆಗಳಲ್ಲಿ ಮುದ್ದೆಯ ಜೊತೆ ಮಟನ್ ಸಾರು. ಮಿಕ್ಕಿದ್ದು ರಾತ್ರಿಗೆ, ಆಗಲೂ ಉಳಿದರೆ ಮರುದಿನ ಬೆಳಿಗ್ಗೆ ದೋಸೆಗೆ. ‘ಚೆನ್ನಾಗಿ ಕುದಿಸಿದ್ದೇವಲ್ಲ, ಏನಾಗುತ್ತದೆ?’ ಎಂಬ ಧೈರ್ಯದಲ್ಲಿ ಪಾತ್ರೆ ಇಡೀ ರಾತ್ರಿ ಒಲೆಯ ಮೇಲೆಯೇ ಉಳಿಯುತ್ತದೆ. ಈ ಧೈರ್ಯ ಎಷ್ಟು ಸರಿ?

ಮೊದಲು ಪಾತ್ರೆಯೊಳಗೆ ನಡೆಯುವುದನ್ನು ನೋಡೋಣ. ನೀರು ಹಾಕುವ ಮೊದಲೇ ಈರುಳ್ಳಿ, ಮಾಂಸಗಳನ್ನು ಎಣ್ಣೆಯಲ್ಲಿ ಹುರಿಯುವ ವಾಡಿಕೆಗೆ ಕಾರಣವಿದೆ. ತೆರೆದ ಪಾತ್ರೆಯಲ್ಲಿ ನೀರಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಣ್ಣೆ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಸುಮಾರು 140 ಡಿಗ್ರಿಯಲ್ಲಿ ಅಮೈನೊ ಆಮ್ಲಗಳೂ ಸಕ್ಕರೆಗಳೂ ಬೇಗ ವರ್ತಿಸಿ ಕಂದು ಬಣ್ಣವನ್ನೂ ಘಮವನ್ನೂ ಕೊಡುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಲ್ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಅರಿಶಿನದ ಬಣ್ಣ, ಮೆಣಸಿನಕಾಯಿಯ ಖಾರ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಮಸಾಲೆಯನ್ನು ಎಣ್ಣೆಯಲ್ಲಿ ಬಾಡಿಸುವುದು ಅದಕ್ಕೇ.

ಇನ್ನು ಮಾಂಸ. ಅದರ ಎಳೆಗಳನ್ನು ಕಟ್ಟಿಹಿಡಿದಿರುವುದು ಕೊಲ್ಲಾಜೆನ್ ಎಂಬ ಪ್ರೋಟೀನು. ಸುಮಾರು 60 ಡಿಗ್ರಿ ದಾಟಿದಾಗ ಅದು ಕುಗ್ಗಿ ಮಾಂಸ ಬಿಗಿಯಾಗುತ್ತದೆ. ಬೇಯಿಸುತ್ತ ಹೋದರೆ ನಿಧಾನವಾಗಿ ಜೆಲಟಿನ್ ಆಗಿ ಕರಗಿ ಮಾಂಸ ಮೆತ್ತಗಾಗುತ್ತದೆ. ಬಲಿತ ಕುರಿಯ ಕೊಲ್ಲಾಜೆನ್ ಹೆಚ್ಚು ಗಟ್ಟಿ. ಆದ್ದರಿಂದ ಹೆಚ್ಚು ಹೊತ್ತು ಬೇಕು. ಪ್ರೆಷರ್ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಈ ಕೆಲಸ ಬೇಗ ಮುಗಿಯುತ್ತದೆ. ತಣ್ಣಗಾದ ಕಾಲು ಸೂಪು ಲೋಳೆಯಂತೆ ಹೆಪ್ಪುಗಟ್ಟುವುದು ಇದೇ ಜೆಲಟಿನ್‌ನಿಂದ.

ಇಷ್ಟು ಪುಷ್ಟಿಯಾದ ಆಹಾರ ನಮಗೆ ಮಾತ್ರವಲ್ಲ, ಬ್ಯಾಕ್ಟೀರಿಯಾಗಳಿಗೂ ಇಷ್ಟ. ಪ್ರಯೋಗಾಲಯಗಳಲ್ಲಿ ಅವನ್ನು ಬೆಳೆಸಲು ಮಾಂಸದ ಸಾರವನ್ನೇ ಬಳಸುವುದುಂಟು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕವಾಗಿ ಮಲಗುತ್ತದೆ. ಸಾಮಾನ್ಯ ಕುದಿಗೆ ಈ ಬೀಜಕಗಳೆಲ್ಲ ಸಾಯುವುದಿಲ್ಲ. ಸಾರು ಆರುತ್ತ ಬಂದಂತೆ ಎಚ್ಚೆತ್ತು ಬೆಳೆಯತೊಡಗುತ್ತವೆ. ಆಮ್ಲಜನಕ ಇವಕ್ಕೆ ಬೇಡ. ಕುದಿದ ಗಟ್ಟಿ ಸಾರಿನ ಆಳದಲ್ಲಿ ಅದು ಇರುವುದೂ ಕಡಿಮೆ. 45 ಡಿಗ್ರಿ ಸುತ್ತಮುತ್ತ, ಎಲ್ಲ ಅನುಕೂಲವಿದ್ದರೆ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಲೆಕ್ಕ ಹಾಕಿ: ಒಂದು ಗಂಟೆಗೆ 64, ಎರಡು ಗಂಟೆಗೆ 4,096, ಮೂರು ಗಂಟೆಗೆ 2,62,144!

ಇಂಥ ಊಟದ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಹೊಟ್ಟೆನೋವು, ಭೇದಿ ಕಾಣಿಸಬಹುದು. ಬಹಳ ಮಂದಿಗೆ ಒಂದು ದಿನದಲ್ಲಿ ವಾಸಿ. ಆದರೆ ಚಿಕ್ಕ ಮಕ್ಕಳಿಗೂ ವಯಸ್ಸಾದವರಿಗೂ ದೇಹದ ನೀರು ಬತ್ತುವ ಅಪಾಯವಿದೆ.

ಬೆಳಿಗ್ಗೆ ಮತ್ತೆ ಕುದಿಸಿದರೆ ಸಾಲದೇ? ಬೆಳೆದ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಬಡಿಸುವಾಗ ಕೈಯಿಂದ, ಸೌಟಿನಿಂದ ಸೇರುವ ಸ್ಟೆಫಿಲೊಕಾಕಸ್ ಬೆಳೆದು ವಿಷ ಉತ್ಪಾದಿಸಿದ್ದರೆ ಅದು ಕುದಿಗೆ ಬಗ್ಗುವುದಿಲ್ಲ. ಕುಕ್ಕರಿನಲ್ಲಿ ಬೇಯಿಸಿದ ಸಾರಿಗೂ ಮುಚ್ಚಳ ತೆರೆದ ಮೇಲೆ ಇದೇ ಗತಿ. ವಾಸನೆ, ರುಚಿ ಕೆಟ್ಟಿಲ್ಲವೆಂಬುದೂ ಭರವಸೆಯಲ್ಲ.

ಉಪಾಯ ಸುಲಭ. ಸಾರು ಒಂದೋ 60 ಡಿಗ್ರಿಗಿಂತ ಬಿಸಿಯಾಗಿರಲಿ, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಲಿ. ಉಳಿದದ್ದನ್ನು ಅಗಲ ಬಾಯಿಯ ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ತಿನ್ನುವ ಮುನ್ನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಹೊತ್ತಿಗೆ ಆಗುವಷ್ಟೇ ಮಾಡುವುದು ಲೇಸು.

ಮಾಡಿ ನೋಡಿ: ಹಿರಿಯರ ನೆರವಿನಿಂದ ಒಂದೊಂದು ಲೀಟರ್ ಬಿಸಿನೀರನ್ನು ಒಂದು ಚೊಂಬಿಗೂ ಒಂದು ಅಗಲ ತಟ್ಟೆಗೂ ಸುರಿಯಿರಿ. ಪ್ರಯೋಗಾಲಯದ ಉಷ್ಣತಾಮಾಪಕದಿಂದ ಹತ್ತು ನಿಮಿಷಕ್ಕೊಮ್ಮೆ ಎರಡರ ಉಷ್ಣತೆಯನ್ನೂ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಯಾವುದು ಬೇಗ ಆರಿತು? ಆ ಗ್ರಾಫನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ.