ಗಡಿನಾಡಿನ ಆಂಬುಲೆನ್ಸಿನಲ್ಲಿ ಯಾವ ಭಾಷೆ?

ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾಗಳ ಕನ್ನಡಿಗರ ಮಾತು ಬಂದಾಗಲೆಲ್ಲ ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ ಇವೇ ಮುಂದೆ ನಿಲ್ಲುತ್ತವೆ. ಇದು ಸಹಜ. ಕಾಸರಗೋಡಿನ ನಮ್ಮ ಬೇಡಿಕೆಗಳೂ ಬಹುಪಾಲು ಇವುಗಳ ಸುತ್ತಲೇ ಇವೆ. ಆದರೆ ಭಾಷೆಯ ಪ್ರಶ್ನೆ ನೇರವಾಗಿ ಪ್ರಾಣದ ಪ್ರಶ್ನೆಯಾಗುವ ಇನ್ನೊಂದು ಜಾಗವಿದೆ. ಅದು 108 ಆಂಬುಲೆನ್ಸಿನ ಒಳಗಿನ ಇಕ್ಕಟ್ಟಾದ ಜಾಗ. ಆ ಬಗ್ಗೆ ಯಾರೂ ಮನವಿ ಬರೆದಂತೆ ಕಾಣುವುದಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಅದಕ್ಕೂ ಮುಂಚಿನಿಂದ ಅನಂತಪುರದಲ್ಲೇ ಇತ್ತು. ಮೂರು ಕಡೆಯೂ ಕರ್ನಾಟಕವೇ ಸುತ್ತುವರಿದಿರುವ ಈ ಪ್ರದೇಶ 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಬದಲಾದರೂ ಮನೆಮಾತು ಬದಲಾಗಲಿಲ್ಲ.

108 ಸೇವೆ ಅವಿಭಜಿತ ಆಂಧ್ರದಲ್ಲಿ 2005ರ ಆಗಸ್ಟ್ 15ರಂದು ಆರಂಭವಾಯಿತು. ಕರ್ನಾಟಕದಲ್ಲಿ 2008ರಲ್ಲಿ ಬಂತು. ನಮ್ಮ ಜಿಲ್ಲೆಯೂ ಸೇರಿ ಕೇರಳದಾದ್ಯಂತ ‘ಕನಿವ್’ ಎಂಬ ಹೆಸರಿನಲ್ಲಿ ಬಂದದ್ದು 2019ರಲ್ಲಿ. ವಾಹನದಲ್ಲಿ ಇರುವವರು ಇಬ್ಬರು: ‘ಪೈಲಟ್’ ಎಂದು ಕರೆಸಿಕೊಳ್ಳುವ ಚಾಲಕ ಮತ್ತು ತುರ್ತು ಚಿಕಿತ್ಸೆಯ ತಂತ್ರಜ್ಞ. ಡ್ಯೂಟಿಗೆ ಹತ್ತಿದ ಕೂಡಲೇ ಆಕ್ಸಿಜನ್ ಸಿಲಿಂಡರ್, ಕಫ ಎಳೆಯುವ ಯಂತ್ರ, ಹೆರಿಗೆಯ ಕಿಟ್, ಕುತ್ತಿಗೆಗೆ ಕಟ್ಟುವ ಪಟ್ಟಿ, ರಕ್ತದೊತ್ತಡದ ಉಪಕರಣ ಎಲ್ಲವನ್ನೂ ನೋಡಿಕೊಳ್ಳಬೇಕು. ವೈದ್ಯರು ಫೋನಿನ ಆಚೆ ತುದಿಯಲ್ಲಿರುತ್ತಾರೆ. ಅವರಿಗೆ ರೋಗಿಯ ಸ್ಥಿತಿ ತಿಳಿಯುವುದು ತಂತ್ರಜ್ಞ ಹೇಳಿದಷ್ಟೇ. ತಂತ್ರಜ್ಞನಿಗೆ ತಿಳಿಯುವುದೋ, ಅವನ ಉಪಕರಣ ತೋರಿಸಿದಷ್ಟು ಮತ್ತು ರೋಗಿ ಬಾಯಿಬಿಟ್ಟು ಹೇಳಿದಷ್ಟು.

ತೊಡಕು ಇರುವುದು ಇಲ್ಲಿಯೇ. ಕನ್ನಡದಲ್ಲಿ ಆಯಾಸ ಎಂದರೆ ದಣಿವು. ತೆಲುಗಿನಲ್ಲಿ ಆಯಾಸಂ ಎಂದರೆ ಏದುಸಿರು, ಉಬ್ಬಸ. ಗುಡಿಬಂಡೆಯ ಕಡೆಯ ಅಜ್ಜಿಯೊಬ್ಬಳು ‘ಆಯಾಸ’ ಎಂದರೆ ಕನ್ನಡ ಬಾರದ ತಂತ್ರಜ್ಞನ ಗಮನ ಶ್ವಾಸಕೋಶದ ಕಡೆಗೆ ಹೋಗುತ್ತದೆ. ನಮ್ಮಲ್ಲಿಯೂ ಇದೇ ಕತೆ. ನಾವು ‘ಸಂಕಟ ಆಗ್ತದೆ’ ಎಂದರೆ ಒಳಗೆ ಹಿಂಡಿದ ಹಾಗೆ, ತಡೆಯಲಾರದ ಹಾಗೆ ಆಗುತ್ತಿದೆ ಎಂದು ಅರ್ಥ. ಮಲಯಾಳದಲ್ಲಿ ಸಂಕಡಂ ಎಂದರೆ ದುಃಖ. ಎದೆನೋವಿನ ರೋಗಿಗೆ ಸಮಾಧಾನದ ಎರಡು ಮಾತು ಸಿಕ್ಕರೆ ಆಶ್ಚರ್ಯವಿಲ್ಲ! ಪೂರ್ತಿ ಅಪರಿಚಿತವಾದ ಶಬ್ದವಾದರೆ ಅರ್ಥವೇನೆಂದು ಕೇಳುತ್ತಾರೆ. ಪರಿಚಿತವೆಂದು ತೋರುವ ಶಬ್ದವೇ ಹೆಚ್ಚು ಅಪಾಯಕಾರಿ.

ನೆಲಗಡಲೆ ಹೊಲದಲ್ಲಿ ಹಾವು ಕಚ್ಚಿಸಿಕೊಂಡವನನ್ನು ಕೇಳಬೇಕಾದ ಪ್ರಶ್ನೆಗಳಿವೆ. ಎಷ್ಟು ಹೊತ್ತಾಯಿತು, ರೆಪ್ಪೆ ಭಾರವಾಗುತ್ತಿದೆಯೇ, ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ? ಉತ್ತರ ‘ಹೌದು’ ಎಂದಾದರೆ ವಿಷ ನರಗಳಿಗೆ ತಟ್ಟಿದೆ, ಉಸಿರಾಟ ನಿಲ್ಲಬಹುದು. ದಾರಿಯಲ್ಲೇ ಹೆರಿಗೆಯಾಗುವಾಗ ‘ಈಗ ತಿಣುಕಬೇಡಮ್ಮಾ, ಈಗ ತಿಣುಕು’ ಎಂಬ ಮಾತು ಆ ಕ್ಷಣದಲ್ಲೇ ಕಿವಿಗೆ ಮುಟ್ಟಬೇಕು. ರಾಯದುರ್ಗ, ಮಡಕಶಿರಾಗಳಲ್ಲಿ ಸ್ಥಳೀಯ ಯುವಕನೋ ಯುವತಿಯೋ ಆ ಕೆಲಸದಲ್ಲಿದ್ದರೆ ಎರಡು ಭಾಷೆಯೂ ಬರುತ್ತದೆ, ಕೆಲಸ ನಡೆಯುತ್ತದೆ. ಕಡಪದಿಂದಲೋ ಗುಂಟೂರಿನಿಂದಲೋ ಬಂದವರಾದರೆ ಜೊತೆಗೆ ಬಂದ ನೆಂಟರೇ ದುಭಾಷಿ. ನೆಂಟರು ಅಳುತ್ತಿದ್ದರೆ ಅದೂ ಇಲ್ಲ.

ಇನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆ. ರಾಯದುರ್ಗದಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರ್. ಅಲ್ಲಿ 1961ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಅನಂತಪುರಕ್ಕೆ ಹೆಚ್ಚುಕಡಿಮೆ ಇದರ ದುಪ್ಪಟ್ಟು ದೂರ. ಮನೆಯವರು ಬಳ್ಳಾರಿಗೆ ಎನ್ನುತ್ತಾರೆ. ವಾಹನ ಆಂಧ್ರ ಸರಕಾರದ್ದು, ಚಿಕಿತ್ಸೆಯ ಕಾರ್ಡೂ ಆಂಧ್ರದ್ದೇ. ಇವೆರಡರ ನಡುವೆ ಸಿಕ್ಕಿಬೀಳುವವನು ತಂತ್ರಜ್ಞ. ಗಡಿಗ್ರಾಮಗಳಲ್ಲಿ ಮೊಬೈಲಿನ ಕರೆ ಪಕ್ಕದ ರಾಜ್ಯದ ಕೇಂದ್ರಕ್ಕೆ ಹೋಗುವುದೂ ಉಂಟು. ಅಲ್ಲಿಂದ ಇಲ್ಲಿಗೆ ತಿರುಗುವಷ್ಟರಲ್ಲಿ ಕಳೆಯುವುದು ರೋಗಿಯ ನಿಮಿಷಗಳು.

ಗಡಿ ಎಂದರೇನೆಂದು ನಮಗೆ ವಿವರಿಸಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರು ತಲುಪಲಾರದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. 2021ರ ಮೇ ತಿಂಗಳಲ್ಲಿ ಆಂಧ್ರದ ಆಂಬುಲೆನ್ಸುಗಳನ್ನು ತೆಲಂಗಾಣ ತನ್ನ ಗಡಿಯಲ್ಲಿ ತಡೆದಾಗ ಅಲ್ಲಿನ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಎರಡು ತೆಲುಗು ರಾಜ್ಯಗಳ ನಡುವೆಯೇ ಹೀಗಾದರೆ ಬೇರೆ ಭಾಷೆಯ ಗಡಿಯ ಪಾಡೇನು?

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ 1956ರಲ್ಲಿ ಹೊರಡಿಸಿದ ಜ್ಞಾಪಕಪತ್ರವಿದೆ. ಕೇರಳದ 1969ರ ಭಾಷಾ ಕಾಯಿದೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಇವುಗಳ ಬೆಲೆ ಕಡಿಮೆಯೇನಲ್ಲ. ಆದರೆ ಇವುಗಳ ಗಮನವೆಲ್ಲ ಶಾಲೆ, ಅರ್ಜಿ, ನೋಟೀಸುಗಳ ಮೇಲೆ. ಆಂಬುಲೆನ್ಸಿಗೆ ಯಾರೂ ಅರ್ಜಿ ಬರೆಯುವುದಿಲ್ಲ. ಎರಡು ಭಾಷೆಯ ಕೈಪಿಡಿ ಅಚ್ಚುಹಾಕಿಸಿ ಹಂಚಿದರೆ ಸಾಕೆಂದು ಅಧಿಕಾರಿಗಳು ಹೇಳಿಯಾರು. ಓಡುವ ವಾಹನದಲ್ಲಿ ಪುಟ ತಿರುವಲು ಯಾರಿಗೆ ಪುರುಸೊತ್ತು? ರಾಯದುರ್ಗ, ಮಡಕಶಿರಾ, ಮಂಜೇಶ್ವರ, ಕಾಸರಗೋಡುಗಳಲ್ಲಿ ಪ್ರತಿ ಸರದಿಯಲ್ಲೂ ಕನ್ನಡ ಬಲ್ಲ ಒಬ್ಬರಾದರೂ ವಾಹನದಲ್ಲಿರಬೇಕೆಂದು ನೇಮಕಾತಿಯ ಶರತ್ತಿನಲ್ಲೇ ಸೇರಿಸಬೇಕು. ಹತ್ತಿರದ ಆಸ್ಪತ್ರೆ ಗಡಿಯಾಚೆ ಇದ್ದರೂ ಅಲ್ಲಿಗೇ ಒಯ್ಯಬಹುದೆಂಬ ಲಿಖಿತ ಒಪ್ಪಂದ ರಾಜ್ಯಗಳ ನಡುವೆ ಆಗಬೇಕು. ನಮ್ಮ ಸಂಘಸಂಸ್ಥೆಗಳ ಮುಂದಿನ ಮನವಿಯಲ್ಲಿ ಅಧ್ಯಾಪಕರ ಹುದ್ದೆಗಳ ಪಟ್ಟಿಯ ಪಕ್ಕದಲ್ಲೇ ಈ ಎರಡು ಸಾಲುಗಳೂ ಇರಲಿ.