ಬಟ್ಟೆಯ ಚೀಲ ಮತ್ತು ಕತ್ತರಿಸಿದ ಗುಡ್ಡ

ಪ್ರತಿವರ್ಷ ಜೂನ್ 5ರಂದು ನಮ್ಮ ಶಾಲೆಗಳಲ್ಲಿ ಗಿಡ ನೆಡಲಾಗುತ್ತದೆ. ಅತಿಥಿಗಳು ಬರುತ್ತಾರೆ, ಭಾಷಣವಾಗುತ್ತದೆ, ಪ್ರತಿಜ್ಞೆ ಬೋಧಿಸಲಾಗುತ್ತದೆ. ಕೆಲವೆಡೆ ಕಳೆದ ವರ್ಷ ತೋಡಿದ ಗುಂಡಿಯೇ ಈ ವರ್ಷಕ್ಕೂ ಸಾಕಾಗುತ್ತದೆ ಎಂಬುದು ಬೇರೆ ಮಾತು. ಆದರೆ ಜೂನ್ 6ರಂದು ಆ ವಿದ್ಯಾರ್ಥಿ ಏನು ಮಾಡುತ್ತಾನೆ ಎಂದು ಕೇಳುವವರು ಯಾರು?

ಪ್ರತಿಜ್ಞೆಯನ್ನು ಗಂಭೀರವಾಗಿ ತೆಗೆದುಕೊಳ್ಳುವ ಮಕ್ಕಳೂ ಇದ್ದಾರೆ. ಅವರು ಮೀನು ಮಾರುಕಟ್ಟೆಗೆ ಡಬ್ಬಿ ಒಯ್ಯುತ್ತಾರೆ, ಅಂಗಡಿಗೆ ಬಟ್ಟೆಯ ಚೀಲ ಒಯ್ಯುತ್ತಾರೆ, ಕೋಣೆಯಿಂದ ಹೊರಬರುವಾಗ ಫ್ಯಾನ್ ಆರಿಸುತ್ತಾರೆ. ಬೈಕ್ ಬೇಡ, ಕಾಲೇಜಿಗೆ ಬಸ್ಸೇ ಸಾಕು ಎನ್ನುತ್ತಾರೆ. ಇಂತಹ ಮಗನನ್ನೋ ಮಗಳನ್ನೋ ಪಡೆದ ಮನೆಯವರು ಹೆಮ್ಮೆಪಡಬೇಕಿತ್ತು. ಆದರೆ ಸಾಮಾನ್ಯವಾಗಿ ಅವರಿಗೆ ದೊರಕುವುದು ನಗೆ. "ನೀನೊಬ್ಬ ಚೀಲ ಹಿಡಿದ ಮಾತ್ರಕ್ಕೆ ಸಮುದ್ರ ಸ್ವಚ್ಛವಾಗುತ್ತದೆಯೇ?" ಎಂಬ ಪ್ರಶ್ನೆ ಊಟದ ಮನೆಯಲ್ಲೇ ಎದುರಾಗುತ್ತದೆ.

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ವಿಶೇಷತಃ ಕಾರವಾರ-ಅಂಕೋಲಾದ ಜನರು ಅದನ್ನು ಕೇಳಿದರೆ ಅದಕ್ಕೊಂದು ತೂಕವಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಕೊಚ್ಚಿಹೋದವು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಕೇರಳದ ಲಾರಿ ಚಾಲಕನ ಶವ ಸಿಗುವಷ್ಟರಲ್ಲಿ ಸೆಪ್ಟೆಂಬರ್ ತಿಂಗಳ ಕೊನೆ ಬಂದಿತ್ತು. ಮಳೆ ಕಾರಣವೆಂಬುದು ನಿಜ. ಆದರೆ ಹೆದ್ದಾರಿಗಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಿ ಹಾಗೆಯೇ ಬಿಟ್ಟದ್ದೂ ಕಾರಣವೇ. 2009ರಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣುಪಾಲಾದ ನೆನಪು ಮಾಸುವ ಮುನ್ನವೇ ಈ ದುರಂತ ಸಂಭವಿಸಿತು. ಆ ಗುಡ್ಡವನ್ನು ಯಾವ ವಿದ್ಯಾರ್ಥಿಯೂ ಕತ್ತರಿಸಿರಲಿಲ್ಲ. ಬೇಲೆಕೇರಿ ಬಂದರಿನಿಂದ ಅಕ್ರಮವಾಗಿ ಅದಿರು ಸಾಗಿಸಿದವರೂ ವಿದ್ಯಾರ್ಥಿಗಳಲ್ಲ.

ಹೊಣೆಯನ್ನು ಸಣ್ಣವರ ಹೆಗಲಿಗೆ ದಾಟಿಸುವುದು ದೊಡ್ಡವರಿಗೆ ಎಂದಿಗೂ ಪ್ರಿಯವಾದ ಕೆಲಸ. ಪ್ರತಿಯೊಬ್ಬ ವ್ಯಕ್ತಿಯೂ ತನ್ನ 'ಇಂಗಾಲದ ಹೆಜ್ಜೆಗುರುತ'ನ್ನು ತಾನೇ ಲೆಕ್ಕ ಹಾಕಿಕೊಳ್ಳಬೇಕೆಂಬ ವಿಚಾರವನ್ನು 2000ರ ದಶಕದ ಮಧ್ಯದಲ್ಲಿ ಕೋಟ್ಯಂತರ ರೂಪಾಯಿಯ ಜಾಹೀರಾತಿನ ಮೂಲಕ ಜನಪ್ರಿಯಗೊಳಿಸಿದ್ದು ಬಿಪಿ ಎಂಬ ಬ್ರಿಟಿಷ್ ತೈಲ ಕಂಪೆನಿ! ಎಣ್ಣೆ ತೆಗೆದು ಮಾರುವವನು ಕೊಳ್ಳುವವನಿಗೆ ಲೆಕ್ಕದ ಪುಸ್ತಕ ಕೊಟ್ಟಂತೆ.

ಹಾಗಾದರೆ ಚೀಲವನ್ನು ಎಸೆದುಬಿಡೋಣವೇ? ಅಲ್ಲ. ಇದೇ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೋಡಿ. ಹಾಲಕ್ಕಿ ಸಮುದಾಯದ ಈ ಮಹಿಳೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯಲು ಹೋದವರು. ಯಾವ ಮರದ ಬೀಜ ಯಾವಾಗ ಆಯಬೇಕು, ಯಾವ ತಾಯಿಮರದ ಬೀಜ ಚೆನ್ನಾಗಿ ಮೊಳೆಯುತ್ತದೆ ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ದಶಕಗಳ ಕಾಲ ಅವರು ಮಾಡಿದ್ದು ಅದನ್ನೇ. ಬೀಜ ಆಯುವುದು, ಮಡಿ ಮಾಡುವುದು, ನೀರು ಹಾಕುವುದು, ಮರುದಿನ ಮತ್ತೆ ಅದೇ. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಿಂತು ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಒಂದು ದಿನದ ಕೆಲಸವನ್ನು ಮಾತ್ರ ತೂಗಿದ್ದರೆ ಅದೂ ನಗಣ್ಯವೇ ಆಗುತ್ತಿತ್ತು.

ನಮ್ಮ ಕರಾವಳಿಗೆ ಸಂಯಮ ಹೊಸತೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನುಗಳು ಮರಿಮಾಡುವ ಕಾಲವೆಂದು ಬಲೆಗಳು ದಡದಲ್ಲಿರುತ್ತವೆ. ಒಬ್ಬ ಮೀನುಗಾರ ಮಾತ್ರ ದೋಣಿ ಕಟ್ಟಿಹಾಕಿದರೆ ಅವನಿಗೆ ನಷ್ಟ, ಮೀನಿಗೆ ಲಾಭವಿಲ್ಲ. ಎಲ್ಲರೂ ಕಟ್ಟಿಹಾಕುವುದರಿಂದ ಅದಕ್ಕೊಂದು ಅರ್ಥವಿದೆ. ವಿದ್ಯಾರ್ಥಿಯ ಚೀಲದ ಕತೆಯೂ ಹೀಗೆಯೇ. ಅದು ಅವನೊಬ್ಬನ ಹಟವಾಗಿ ಉಳಿದರೆ ಬೇಗನೇ ಸೋಲುತ್ತದೆ. ಮನೆಯ, ಮೊಹಲ್ಲಾದ ರೂಢಿಯಾದರೆ ನಿಲ್ಲುತ್ತದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳು ನಿಷೇಧವಾದದ್ದು 2016ರಲ್ಲಿ. ಕಾನೂನು ಬಂದು ಇಷ್ಟು ವರ್ಷಗಳಾದರೂ ಮಳೆಗಾಲದ ಅಲೆಗಳು ಟ್ಯಾಗೋರ್ ಕಡಲತೀರಕ್ಕೆ ಏನನ್ನು ತಂದು ಹಾಕುತ್ತವೆ ಎಂಬುದನ್ನು ಕಾರವಾರದವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಸಮುದಾಯದ ಹಿರಿಯರೊಂದಿಗೆ ಒಂದು ಮಾತು. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ನಮಗೆಲ್ಲರಿಗೂ ಗೊತ್ತು. ಇಂದಿನ ಅಳತೆಯಲ್ಲಿ ಅದು ಹೆಚ್ಚೆಂದರೆ ಸುಮಾರು ಒಂದು ಲೀಟರ್. ನಮ್ಮ ಮಸೀದಿಗಳ ನಲ್ಲಿಗಳಲ್ಲಿ ಒಬ್ಬೊಬ್ಬರ ವುಝೂಗೆ ಅದರ ಎಷ್ಟು ಪಟ್ಟು ಹರಿಯುತ್ತದೆ? ಕಾರವಾರ, ಅಂಕೋಲಾ ಪಟ್ಟಣಗಳಿಗೆ ಬರುವುದು ಗಂಗಾವಳಿಯ ನೀರು. ಶಿರೂರಿನ ಗುಡ್ಡ ಬಿದ್ದದ್ದೂ ಅದೇ ನದಿಗೆ. ಬೇಸಿಗೆಯಲ್ಲಿ ಕಡಲತಡಿಯ ಬಾವಿಗಳು ಉಪ್ಪಾಗುವಾಗ ನೆನಪಾಗುವ ನೀರು ವರ್ಷವಿಡೀ ನೆನಪಾಗಬೇಡವೇ? ವುಝೂವಿನ ನೀರನ್ನು ಚರಂಡಿಗೆ ಬಿಡುವ ಬದಲು ಅಂಗಳದ ತೆಂಗಿನ ಬುಡಕ್ಕೆ ತಿರುಗಿಸಲು ಬೇಕಾದದ್ದು ಒಂದು ಪೈಪ್ ಮತ್ತು ಜಮಾಅತ್‌ನ ಒಂದು ಸಭೆ.

ವಲೀಮಾಗಳ ಬಗ್ಗೆ ಹೇಳದಿದ್ದರೇ ಒಳ್ಳೆಯದೇನೋ. ಸಭಾಂಗಣದ ಹಿಂಭಾಗದಲ್ಲಿ ಅರ್ಧ ಕುಡಿದ ನೀರಿನ ಬಾಟಲಿಗಳ ರಾಶಿ, ಅನ್ನ ಮೆತ್ತಿದ ಥರ್ಮಾಕೋಲ್ ತಟ್ಟೆಗಳ ರಾಶಿ. ನಾಲ್ಕೈದು ಮಂದಿ ಒಂದು ದೊಡ್ಡ ತಟ್ಟೆಯ ಸುತ್ತ ಕುಳಿತು ಉಣ್ಣುವ ಪದ್ಧತಿಯಿದ್ದ ಸಮುದಾಯ ಇದು! ಅಡಿಕೆ ಹಾಳೆಯ ತಟ್ಟೆಗಳು ಇದೇ ಜಿಲ್ಲೆಯಲ್ಲಿ ತಯಾರಾಗುತ್ತವೆ. ಆದರೂ ಅಗ್ಗವೆಂದು ನಾವು ಥರ್ಮಾಕೋಲನ್ನೇ ಆರಿಸುತ್ತೇವೆ, ಅದೂ ಲಕ್ಷಗಟ್ಟಲೆ ವೆಚ್ಚದ ಮದುವೆಯಲ್ಲಿ. ಇಂತಹ ಮದುವೆಯಲ್ಲಿ ಮಗನೊಬ್ಬ ಮನೆಯಿಂದ ತಂದ ನೀರಿನ ಬಾಟಲಿಯನ್ನು ತೆರೆದರೆ ಅವನನ್ನು ಜಿಪುಣನೆಂದು ಛೇಡಿಸಲಾಗುತ್ತದೆ.

ವಿದ್ಯುತ್ತಿನ ವಿಚಾರದಲ್ಲಿ ಈ ಜಿಲ್ಲೆಯ ಮಕ್ಕಳಿಗೆ ಪಾಠ ಬೇಕಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿಗಾಗಿ ಕಾಳಿ ಕಣಿವೆಯ ಜನರು ಊರು ಬಿಟ್ಟರು. ಕೈಗಾದ ನಾಲ್ಕು ಅಣು ಘಟಕಗಳು ಅದೇ ಕಣಿವೆಯಲ್ಲಿವೆ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನಿನ ಹಿಂದೆ ಯಾರದೋ ಮುಳುಗಿದ ಗದ್ದೆಯಿದೆ.

ಬಟ್ಟೆಯ ಚೀಲ ಹಿಡಿದ ವಿದ್ಯಾರ್ಥಿ ಆ ಚೀಲದಲ್ಲೇ ನಿಂತುಬಿಡಬಾರದು ಎಂಬುದು ನನ್ನ ಆಗ್ರಹ. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದರು. ಅಂಕೋಲಾದ ಕೇಣಿಯಲ್ಲಿ ಬಂದರು ಯೋಜನೆ ಬಂದಾಗಲೂ ಅಲ್ಲಿನ ಮೀನುಗಾರರು ಪ್ರತಿಭಟಿಸಿದರು. ಇಂತಹ ಯೋಜನೆಗಳಿಗೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ದೊರಕಬೇಕು ಎಂದು 2006ರ ಅಧಿಸೂಚನೆ ಹೇಳುತ್ತದೆ. ಆ ಸಾರಾಂಶವನ್ನು ಓದಬಲ್ಲ, ಓದಿ ತನ್ನ ಕೇರಿಯ ದಾಲ್ದಿ ಮೀನುಗಾರನಿಗೆ ವಿವರಿಸಬಲ್ಲ ವಿದ್ಯಾವಂತ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಅಹವಾಲು ಸಭೆಯ ದಿನ ಅವರಿಗೆ ಕಾಲೇಜಿಗೆ ರಜೆ ಹಾಕಲು ತಂದೆತಾಯಿ ಅನುಮತಿಸುವರೇ?