ಮನೆಯೆಂಬ ವಿನಾಯಿತಿ

ವೃದ್ಧರನ್ನೂ ದೀರ್ಘರೋಗಿಗಳನ್ನೂ ಮನೆಯಲ್ಲಿಯೇ ಇರಿಸಿಕೊಂಡು ಶುಶ್ರೂಷೆ ಮಾಡುವುದು ಕುಟುಂಬದ ಅಂತಃಕರಣಕ್ಕೆ ಸೇರಿದ ವಿಷಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆ ಶುಶ್ರೂಷೆಯ ವೆಚ್ಚವನ್ನು ಸರ್ಕಾರ ವಹಿಸಿಕೊಂಡ ದೇಶಗಳಲ್ಲಿ, ರೋಗಿಯ ಹಾಸಿಗೆ ಎಲ್ಲಿರಬೇಕೆಂಬುದನ್ನು ಅಂತಃಕರಣಕ್ಕಿಂತ ಶಾಸನದ ಒಂದು ಕಲಮೇ ಹೆಚ್ಚಾಗಿ ನಿರ್ಣಯಿಸುತ್ತದೆ.

ಅಮೆರಿಕದಲ್ಲಿ 1965ರಲ್ಲಿ ಬಡವರ ಚಿಕಿತ್ಸೆಗೆಂದು ಮೆಡಿಕೇಡ್ ಯೋಜನೆ ಸ್ಥಾಪಿತವಾದಾಗ, ಅದನ್ನು ಸೇರಿದ ರಾಜ್ಯಗಳು ಅರ್ಹರಾದ ವಯಸ್ಕರಿಗೆ ನರ್ಸಿಂಗ್ ಹೋಮಿನ ವೆಚ್ಚವನ್ನು ಕೊಡಲೇಬೇಕೆಂದು ವಿಧಿಸಲಾಯಿತು. ಮನೆಗೇ ಬಂದು ಸ್ನಾನ ಮಾಡಿಸಿ, ಉಣಿಸಿ, ಮಗ್ಗುಲು ಬದಲಿಸುವ ನಿತ್ಯದ ನೆರವಿಗೆ ಅಂಥ ಕಡ್ಡಾಯವೇನೂ ಇರಲಿಲ್ಲ. ಈ ಪಕ್ಷಪಾತದ ಅಸಂಗತತೆಯನ್ನು ಲೋಕಕ್ಕೆ ತೋರಿಸಿಕೊಟ್ಟವಳು ಅಯೋವಾ ರಾಜ್ಯದ ಕೇಟಿ ಬೆಕೆಟ್ ಎಂಬ ಮೂರು ವರ್ಷದ ಮಗು. ಶೈಶವದಲ್ಲಿ ಮೆದುಳಿನ ಉರಿಯೂತಕ್ಕೆ ತುತ್ತಾಗಿ ಉಸಿರಾಟದ ಯಂತ್ರವನ್ನು ಅವಲಂಬಿಸಿದ್ದ ಅವಳು ಆಸ್ಪತ್ರೆಯಲ್ಲಿದ್ದಷ್ಟು ಕಾಲ ಸರ್ಕಾರ ಹಣ ತೆರುತ್ತಿತ್ತು. ಮನೆಗೆ ಹೋದರೆ ತಂದೆತಾಯಿಗಳ ವರಮಾನವನ್ನು ಅವಳ ಲೆಕ್ಕಕ್ಕೆ ಸೇರಿಸಿ, ಎಷ್ಟೋ ಅಗ್ಗವಾದ ಆರೈಕೆಗೆ ಬಿಡಿಗಾಸನ್ನೂ ಕೊಡುತ್ತಿರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಇದನ್ನು ಬಹಿರಂಗವಾಗಿ ಖಂಡಿಸಿದ ಬಳಿಕ ಅವಳು ಮನೆ ಸೇರಿದಳು.

ಅದೇ ವರ್ಷದ ಕಾನೂನು ಮನೆಯ ಆರೈಕೆಗೂ ಮೆಡಿಕೇಡ್ ಹಣವನ್ನು ಬಳಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು, ಆದರೆ ವಿನಾಯಿತಿಯ ರೂಪದಲ್ಲಿ. ಸೂಕ್ಷ್ಮವಿರುವುದು ಇಲ್ಲಿಯೇ. ನರ್ಸಿಂಗ್ ಹೋಮಿನ ವೆಚ್ಚ ಅರ್ಹನ ಹಕ್ಕಾದುದರಿಂದ ರಾಜ್ಯವು ಫಲಾನುಭವಿಗಳ ಸಂಖ್ಯೆಗೆ ಮಿತಿ ಹಾಕುವಂತಿಲ್ಲ; ವಿನಾಯಿತಿಯ ಸೇವೆಗಾದರೋ ಇಷ್ಟೇ ಜನರೆಂದು ಕಟ್ಟು ಹಾಕಬಹುದು, ಉಳಿದವರು ಸರದಿಯಲ್ಲಿ ಕಾಯಬೇಕು; ಬೊಕ್ಕಸ ಬತ್ತಿದಾಗ ಸುಲಭವಾಗಿ ಕತ್ತರಿಸಬಹುದಾದುದೂ ಇದನ್ನೇ. 1999ರ ಓಮ್‌ಸ್ಟೆಡ್ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಅನಗತ್ಯವಾಗಿ ಸಂಸ್ಥೆಗಳಲ್ಲಿ ಕೂಡಿಡುವುದು ಅಂಗವಿಕಲರಿಗೆ ಮಾಡುವ ತಾರತಮ್ಯವೆಂದು ತೀರ್ಪಿತ್ತಿತಾದರೂ, ತಕ್ಕ ವೇಗದಲ್ಲಿ ಸಾಗುವ ಸರದಿಪಟ್ಟಿಯನ್ನು ಆಕ್ಷೇಪಿಸಲಿಲ್ಲ. ಇಂದಿಗೂ ಅಂಥ ಪಟ್ಟಿಗಳಲ್ಲಿ ಲಕ್ಷಾಂತರ ಜನರ ಹೆಸರುಗಳಿವೆ. ಸರದಿ ಬಂದವರಿಗೂ ಸಹಾಯಕಿ ದೊರೆಯುವುದು ನಿಶ್ಚಿತವಲ್ಲ. ಆಕೆಯ ಕೂಲಿ ಬಹುಮಟ್ಟಿಗೆ ಸರ್ಕಾರದ ದರಪಟ್ಟಿಯನ್ನೇ ಅವಲಂಬಿಸಿದೆ, ಅದನ್ನು ಉದಾರವೆಂದು ಕರೆಯುವುದು ಕಷ್ಟ.

ನಮ್ಮ ಆಯುಷ್ಮಾನ್ ಭಾರತ ಯೋಜನೆಯನ್ನು 2024ರಲ್ಲಿ 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿದುದು ಸ್ತುತ್ಯವೇ. ಆದರೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಆ ರಕ್ಷಣೆ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗಾಗಿ ಇರುವುದು. ಪಾರ್ಶ್ವವಾಯು ಬಡಿದು ಮನೆಯಲ್ಲಿ ಮಲಗಿದ ಮುದುಕಿಯನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವವಳ ಸಂಬಳಕ್ಕೆ ಅದರಲ್ಲಿ ಎಡೆಯಿಲ್ಲ. 1965ರಲ್ಲಿ ಬರೆದುದನ್ನು ತಿದ್ದಲು ಅಮೆರಿಕ ಅರ್ಧ ಶತಮಾನಕ್ಕೂ ಮಿಗಿಲಾಗಿ ಹೆಣಗುತ್ತಿದೆ. ನಮ್ಮ ಯೋಜನೆ ಇನ್ನೂ ಎಳೆಯದಾಗಿರುವಾಗಲೇ ಮನೆಯ ಆರೈಕೆಯನ್ನು ಅದರೊಳಗೆ ಹಕ್ಕೆಂದು ಬರೆಯುವಂತೆ ನಾವು ಶಾಸನಕರ್ತರನ್ನು ಒತ್ತಾಯಿಸಬೇಕು.